ಕಂಟ್ರಾಕ್ಟರನಿಗೆ ಬಡಿಸಿದ ಪುಳಿಯೋಗರೆ

ಮೇಸ್ತ್ರಿಯ ಹೊಟ್ಟೆ ತುಂಬಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಹತ್ತು ದೇಶ ಸುತ್ತಿದರೂ ಅದು ನನ್ನನ್ನು ಬಿಟ್ಟಿಲ್ಲ. ಮಾರಿಸ್‌ಟೌನಿನ ನನ್ನ ಮನೆಗಿದ್ದ ಒಂದೇ ಬಾತ್‌ರೂಮನ್ನು ಹೊಸದಾಗಿ ಕಟ್ಟಲೆಂದು ಕಂಟ್ರಾಕ್ಟರ್ ಫ್ರ್ಯಾಂಕ್ ಕಿತ್ತುಹಾಕಿದ ದಿನ ಅವನಿಗೆ ಪುಳಿಯೋಗರೆ ಬಡಿಸಿದೆ. ಅಂದಿನಿಂದ ಅವನು ಸರಿಯಾಗಿ ಹನ್ನೆರಡಕ್ಕೆ ಬಂದು, ಉಂಡು, ಗೋಡೆ ಅಳೆದು ಹೊರಡುತ್ತಿದ್ದ. ನಾನು ಟವೆಲ್ ಹಿಡಿದು ಪಕ್ಕದ ಮನೆ ಶಾಂತಾ ಆಂಟಿಯ ಬಾಗಿಲು ತಟ್ಟುತ್ತಿದ್ದೆ.

"ಫ್ರ್ಯಾಂಕ್, ಟೈಲ್ಸ್ ಯಾವಾಗ?"

"ಇನ್ನೆರಡು ವಾರ. ಇವತ್ತು ಹಪ್ಪಳ ಇಲ್ವಾ?"

"ಊಟ ಹಾಕೋದು ನಿಲ್ಸಮ್ಮ, ತಾನಾಗೇ ಕೆಲಸ ಮಾಡ್ತಾನೆ," ಅಂದರು ಆಂಟಿ. ನಿಲ್ಲಿಸಿದೆ. ಅವನು ಬರುವುದನ್ನೇ ನಿಲ್ಲಿಸಿದ. ಆರು ವಾರವಾಯಿತು, ಫೋನೂ ಎತ್ತಲಿಲ್ಲ.

ಇವತ್ತು ಸೋತು, "ಪುಳಿಯೋಗರೆ ಮಾಡಿದ್ದೇನೆ" ಎಂದು ಮೆಸೇಜ್ ಕಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: "ಆನ್ ಮೈ ವೇ."

ಅವನು ಬರುವುದರೊಳಗೆ ಆಂಟಿಯ ಮನೆಯಲ್ಲಿ ಸ್ನಾನ ಮುಗಿಸಿ, ಹಪ್ಪಳ ಕರಿಯಬೇಕು.