ಕುಂಥುನಾಥನ ದಾರಿ ಹುಡುಕಿದ ಇರುವೆಗಳು

ಕೊಣ್ಣೂರಿನ ಕುಂಥುನಾಥನಷ್ಟು ಸುತ್ತಿ ಬಳಸಿ ಟೆಂಪೊ ಓಡಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಬೆಳಿಗ್ಗೆ ಸಂಕೇಶ್ವರದಲ್ಲಿ ದನದ ಹಿಂಡಿಯ ಚೀಲ ತುಂಬಿಕೊಂಡು ಹೊರಟರೆ, ದಾರಿಯಲ್ಲೇ ಸಿಗುವ ಹುಕ್ಕೇರಿಯ ಅಂಗಡಿಗಳಿಗೆ ಬರೀ ಕೈಬೀಸಿ, ನೆಟ್ಟಗೆ ಮೂಡಲಗಿ ಕಡೆಯ ತುಕ್ಕಾನಟ್ಟಿಗೆ ಹೋಗುವನು. ಅಲ್ಲಿ ಚೀಲ ಇಳಿಸಿ ಮತ್ತೆ ಹುಕ್ಕೇರಿಗೆ ವಾಪಸು, ಆಮೇಲೆ ಗೋಕಾಕ. ಯಾಕಪ್ಪ ಎಂದರೆ ಒಂದೇ ಮಾತು: "ಹಳೇ ಗಿರಾಕಿ ಮೊದಲ." ತುಕ್ಕಾನಟ್ಟಿಯ ಭೀಮಶಿ ಅವನ ಅಪ್ಪನ ಕಾಲದ ಮೊದಲ ಗಿರಾಕಿ. ಅಪ್ಪ ಹಾಕಿಕೊಟ್ಟ ಸರದಿ ಅದು. ಮನುಷ್ಯ ಬಂಗಾರದಂಥವನು, ಆದರೆ ಮರ್ಯಾದೆಯ ವಿಷಯ ಬಂದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಡೀಸೆಲ್ ಹಾಳಾದರೆ ಆಗಲಿ, ಮನೆ ಸೇರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅವನೇನೋ ದಾರಿಯಲ್ಲಿ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದ. ಮನೆಯಲ್ಲಿ ಹೆಂಡತಿ ಜಿನ್ನವ್ವ ಒಬ್ಬಳೇ. ಮಗಳು ಗಂಡನ ಮನೆಗೆ ಹೋದ ಮೇಲೆ ಅವಳ ಊಟ ಕಡಿಮೆಯಾಗಿತ್ತು. ಕೇಳಿದರೆ "ಉಂಡೇನ್ರಿ" ಎನ್ನುವಳು. ಒಂದು ದಿನ ನೀರು ತುಂಬುವಾಗ ಕಣ್ಣುಕತ್ತಲೆ ಬಂದು ಬಿದ್ದಳು. ದವಾಖಾನೆಯಲ್ಲಿ ಡಾಕ್ಟರು ಗದರಿದಾಗ ಬಾಯಿಬಿಟ್ಟಳು: "ಒಬ್ಬಾಕಿನ ಕುಂತ್ರ ತುತ್ತು ಗಂಟಲದಾಗ ಇಳಿಯಂಗಿಲ್ರಿ."

ಕುಂಥುನಾಥನಿಗೆ ತಾನು ದಾರಿಯಲ್ಲಿ ಹೊಟ್ಟೆ ತುಂಬ ಉಂಡ ಬುತ್ತಿಗಳೆಲ್ಲ ನೆನಪಾಗಿ ನಾಚಿಕೆಯಾಯಿತು.

ಅವನ ಅಣ್ಣನ ಮಗಳು ತೃಪ್ತಿ ಇಂಜಿನಿಯರಿಂಗ್ ಓದುತ್ತಿದ್ದಳು. "ಕಾಕಾ, ಹೊತ್ತ ಮುಳುಗೂದ್ರಾಗ ಮನಿ ಮುಟ್ಟೂ ದಾರಿ ಇರುವಿ ಕಡಿಂದ ಹುಡಕಸ್ತೇನ್ರಿ" ಎಂದಳು.

"ಇರುವಿ ಟೆಂಪೊ ಹೊಡಿತಾವೇನವಾ?"

ಅವು ಕಂಪ್ಯೂಟರಿನೊಳಗಿನ ಲೆಕ್ಕದ ಇರುವೆಗಳು. ನಿಜದ ಇರುವೆ ನಡೆದಲ್ಲೆಲ್ಲ ವಾಸನೆ ಬಿಡುತ್ತದೆ. ಹತ್ತಿರದ ದಾರಿಯಲ್ಲಿ ಓಡಾಟ ಹೆಚ್ಚಾಗಿ ವಾಸನೆ ಗಾಢವಾಗುತ್ತದೆ, ಉಳಿದವು ಅದರ ಬೆನ್ನು ಹತ್ತುತ್ತವೆ. ದೂರದ ದಾರಿಯ ವಾಸನೆ ಆರಿಹೋಗುತ್ತದೆ. ಮೂರು ತಾಲೂಕಿನ ಅಷ್ಟೊಂದು ಅಂಗಡಿಗಳನ್ನು ಯಾವ ಸರದಿಯಲ್ಲಿ ಮುಟ್ಟಬೇಕೆಂದು ಮನುಷ್ಯ ಲೆಕ್ಕ ಹಾಕಲು ಕೂತರೆ ತಲೆ ಚಿಟ್ಟು ಹಿಡಿಯುತ್ತದೆ. ತೃಪ್ತಿ ಆ ಕೆಲಸಕ್ಕೆ ಇರುವೆಗಳನ್ನು ಬಿಟ್ಟಳು. ಅವು ಅಲೆದಲೆದು ಕಡೆಗೆ ತೋರಿಸಿದ್ದೇನು? ಮೊದಲು ತುಕ್ಕಾನಟ್ಟಿ, ಆಮೇಲೆ ಹುಕ್ಕೇರಿ!

"ನೋಡಿದಿ? ಇರುವಿಗೂ ಮರ್ಯಾದಿ ಗೊತ್ತೈತಿ" ಎಂದ ಕುಂಥುನಾಥ. ಬಾಯಿ ಹಾಗೆಂದರೂ ಅವನ ಮುಖ ಬಾಡಿತ್ತು.

ತೃಪ್ತಿ ನಾಲಿಗೆ ಕಚ್ಚಿಕೊಂಡಳು. ಕಾಕಾನ ದಾರಿ, ಅಜ್ಜ ಹಾಕಿದ ದಾರಿ ಎಂಬ ಗೌರವಕ್ಕೆ ಅದರ ಮೇಲೆ ತಾನೇ ಮೊದಲು ಕೊಡಗಟ್ಟಲೆ ವಾಸನೆ ಸುರಿದಿದ್ದಳು. ಅದು ಆರದಂತೆಯೂ ಮಾಡಿದ್ದಳು. ಬಡಪಾಯಿ ಇರುವೆಗಳು ಇನ್ನೇನು ಮಾಡಿಯಾವು?

"ಹಳೇ ವಾಸನಿ ಆರಾಕ ಬಿಡಬೇಕ್ರಿ ಕಾಕಾ" ಎಂದು ತಿದ್ದಿ ಮತ್ತೆ ಬಿಟ್ಟಳು. ಈ ಸಲ ಹುಕ್ಕೇರಿ ಮೊದಲು, ನಡುವೆ ಗೋಕಾಕ, ಕಡೆಗೆ ತುಕ್ಕಾನಟ್ಟಿ. ಮನೆಗೆ ಬಿಸಿಲಿರುವಾಗಲೇ.

ಇನ್ನು ಭೀಮಶಿಗೆ ಹೇಳಬೇಕಿತ್ತು. ಆ ಕೆಲಸ ಯಾವ ಇರುವೆಯೂ ಮಾಡಿಕೊಡುವಂಥದಲ್ಲ. ಅಂಗಡಿಯ ಮುಂದೆ ಕುಂಥುನಾಥ ತಲೆ ತಗ್ಗಿಸಿ ನಿಂತ. "ಭೀಮಶಿ ಕಾಕಾ, ನಾಳಿಂದ ನಿಮ್ಮ ಕಡೆ ಕಡೀಕ ಬರ್ತೇನ್ರಿ. ಮನ್ಯಾಗ ಆಕಿ ಉಣ್ಣವಲ್ಲಳು..."

ಮುದುಕ ಅವನನ್ನು ದಿಟ್ಟಿಸಿ ನೋಡಿದ. "ಹುಚ್ಚಪ್ಪಾ, ನಿಮ್ಮಪ್ಪ ನನ್ನ ಕಡೆ ಮೊದಲ ಬರತಿದ್ದ ಖರೆ. ಅವಾಗ ಅವಗ ಬ್ಯಾರೆ ಗಿರಾಕಿನ ಇರಲಿಲ್ಲ! ನೀ ಬರತಿ ಅಂತ ಇಷ್ಟ ವರ್ಷ ನಾ ಮಧ್ಯಾಹ್ನ ಒಂದ ನಿದ್ದಿ ಮಾಡಿಲ್ಲ. ಹೋಗು, ಮನಿಗೆ ಹೋಗು."

ಮರುದಿನ ಟೆಂಪೊ ಬಾಗಿಲಿಗೆ ಬಂದು ನಿಂತಾಗ ಜಿನ್ನವ್ವ ಗಾಬರಿಯಾಗಿ ಓಡಿಬಂದಳು. "ಏನಾತ್ರಿ? ಗಾಡಿ ಕೆಟ್ಟೈತೇನ್ರಿ?"

"ಏನೂ ಆಗಿಲ್ಲ. ಹಸಿವಿ ಆಗೈತಿ. ಎರಡು ತಾಟ ತಗಿ."

ಪಡಸಾಲೆಯಲ್ಲಿ ಎದುರುಬದುರು ಕೂತರು. ಹೊರಗೆ ಇನ್ನೂ ಬಿಸಿಲಿತ್ತು. ರೊಟ್ಟಿ ಮುಗಿಸಿದ ಜಿನ್ನವ್ವ ತಲೆ ಎತ್ತದೆ ಮೆಲ್ಲಗೆ ಹೇಳಿದಳು: "ಇನ್ನೊಂದ ಹಾಕ್ರಿ."

ಹೆಂಡತಿಗೆ ಎಂದೂ ಬಡಿಸಿ ಗೊತ್ತಿಲ್ಲದ ಕುಂಥುನಾಥ ಅವಸರದಲ್ಲಿ ಬುಟ್ಟಿಯೊಳಗಿದ್ದ ರೊಟ್ಟಿಯನ್ನೆಲ್ಲ ಅವಳ ತಾಟಿಗೆ ಹಾಕಿಬಿಟ್ಟ.