ಬಾಗಿಲಿಗೆ ಅಡ್ಡ ಮಲಗಿದ ಟೀಚರ್

ಮೊಳಕಾಲ್ಮೂರಿನಲ್ಲಿ ನಮ್ಮ ಇಂಗ್ಲಿಷ್ ಟೀಚರಿಗೆ ಬರೀ ಅರ್ಥ ಹೇಳಿದರೆ ಸಾಲುತ್ತಿರಲಿಲ್ಲ. ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಬಳಸಿ ತೋರಿಸ್ರಿ" ಎನ್ನುತ್ತಿದ್ದರು.

ಒಂದು ದಿನ ಬೋರ್ಡಿನ ಮೇಲೆ "ಓವರ್ ಮೈ ಡೆಡ್ ಬಾಡಿ" ಎಂದು ಬರೆದು, "ನನ್ನ ಹೆಣ ದಾಟಿ ಹೋಗು, ಜೀವ ಇರೋತನಕ ಬಿಡಲ್ಲ ಅಂತ" ಎಂದು ವಿವರಿಸಿದರು. ಅಷ್ಟರಲ್ಲಿ ಗೆಳತಿಯೊಬ್ಬಳ ಅಪ್ಪ ಒಳಗೆ ನುಗ್ಗಿ, "ಓದಿದ್ದು ಸಾಕು, ಮಗ್ಗ ಖಾಲಿ ಐತೆ, ನಡಿ" ಎಂದು ಅವಳ ರಟ್ಟೆ ಹಿಡಿದೆಳೆದ. ಟೀಚರ್ ಹೋಗಿ ಬಾಗಿಲಿಗೆ ಅಡ್ಡ ಮಲಗಿಬಿಟ್ಟರು. ನಾವೆಲ್ಲ ಎದ್ದು ನಿಂತೆವು.

ಅವನು ಎತ್ತಿದ ಕಾಲನ್ನು ಹಿಂದಕ್ಕಿಟ್ಟ. "ಏಳ್ರಿ ಟೀಚರಮ್ಮ, ಮಲಗಿದೋರನ್ನ ದಾಟಬಾರ್ದು" ಎಂದು ಗೋಗರೆದ. ಅವರು ಕದಲಲಿಲ್ಲ. ಕೊನೆಗೆ ಮಗಳ ಕೈ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತ.

ಟೀಚರ್ ಎದ್ದು, ಸೀರೆಯ ಧೂಳು ಕೊಡವಿ, "ಈಗ ಬಳಸಿ ತೋರಿಸ್ರಿ" ಎಂದರು. ಅಪ್ಪ ಎಳೆದಿದ್ದ ಅದೇ ಕೈಯನ್ನು ಅವಳು ಮೇಲೆತ್ತಿದಳು.