ಥಪ್ಪಿಯೊಳಗಿನ ಸಂದು

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಶ್ವೇತಾ ಹಾಟ್‌ಪ್ಲೇಟಿನ ಮೇಲಿಂದ ಉಗುರಿನಷ್ಟಗಲದ ಗಾಜಿನ ಚೂರೊಂದನ್ನು ಚಿಮಟದಲ್ಲಿ ಎತ್ತುತ್ತಿದ್ದಳು. ರಾಣೆಬೆನ್ನೂರಿನ ಆ ಸಣ್ಣ ಕಾರ್ಖಾನೆಯಲ್ಲಿ ಅಮೋನಿಯಾ ಸೋರಿದರೆ ಕೂಗುವ ಪೆಟ್ಟಿಗೆಗಳನ್ನು ಮಾಡುತ್ತಾರೆ. ಪೆಟ್ಟಿಗೆಗೆ ಮೂಗು ಎಂದರೆ ಈ ಗಾಜು, ಅದರ ಮೇಲೆ ಬಳಿದ ಅರೆವಾಹಕ ಪಾಲಿಮರಿನ ತೆಳುಪೊರೆ. ಗಾಳಿಯಲ್ಲಿ ಅಮೋನಿಯಾ ಬೆರೆತರೆ ಪೊರೆಯಲ್ಲಿ ಹರಿಯುವ ವಿದ್ಯುತ್ತು ಇಳಿಯುತ್ತದೆ, ಪೆಟ್ಟಿಗೆ ಕೂಗುತ್ತದೆ.

ಎಂ.ಎಸ್ಸಿ. ಮುಗಿಸಿ ಆರು ವರ್ಷದಿಂದ ಅವಳು ಅಲ್ಲಿದ್ದಳು. ಪ್ರತಿ ಸಲ ಪೊರೆ ಬಳಿದಾಗಲೂ ಒಂದು ಚೂರನ್ನು ತಗಡಿನ ಡಬ್ಬಿಯಲ್ಲಿ ಎತ್ತಿಟ್ಟು, ತಿಂಗಳ ಮೊದಲ ಸೋಮವಾರ ಪರೀಕ್ಷಿಸುವುದು ಯಾರೂ ಹೇಳದೆ ಅವಳೇ ಹಾಕಿಕೊಂಡ ನಿಯಮ. ಮುದುಕಿ ಉಪ್ಪಿನಕಾಯಿ ಭರಣಿ ಕಾದಂತೆ ಕಾಯುತ್ತಾಳೆ ಎಂದು ಜೊತೆಯ ಮಧು ಛೇಡಿಸುತ್ತಿದ್ದ.

ಇಂದಿನ ಚೂರು ಹೋದ ತಿಂಗಳದು. ಬಿಸಿ ಮಾಡುವ ಮೊದಲು, ಹತ್ತು ಲಕ್ಷ ಪಾಲು ಗಾಳಿಗೆ ಇನ್ನೂರ ನಲವತ್ತು ಪಾಲು ಅಮೋನಿಯಾ ಬೆರೆಸುವವರೆಗೂ ಅದು ಮಿಸುಕಿರಲಿಲ್ಲ. ಎಂಬತ್ತು ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟ ಮೇಲೆ ಅದರ ಹತ್ತನೇ ಒಂದರಷ್ಟಕ್ಕೇ ಎಚ್ಚರಗೊಂಡಿತು. ಶ್ವೇತಾ ಚಿಮಟ ಕೆಳಗಿಟ್ಟು ಫೋನ್ ಕೈಗೆತ್ತಿಕೊಂಡಳು.

ಆ ಸಲದ ಪಾಲಿಮರಿನ ಪುಡಿ ಹೊಸದು, ಅದರ ಅಣುಗಳ ಸರಪಳಿಗಳು ಗಿಡ್ಡ. ಪ್ರತಿ ಸರಪಳಿಯ ಪಕ್ಕಕ್ಕೂ ಪುಟ್ಟ ಪುಟ್ಟ ಬಾಲಗಳಿರುತ್ತವೆ. ಸರಪಳಿ ಉದ್ದವಿದ್ದರೆ ಒಂದರ ಮೇಲೊಂದು ಒತ್ತಾಗಿ ಕೂತು ಒಂದು ಬಗೆಯ ಸ್ಫಟಿಕವಾಗುತ್ತದೆ. ಗಿಡ್ಡವಿದ್ದು ನಿಧಾನ ಒಣಗಿದರೆ ಒಂದರ ಬಾಲ ಇನ್ನೊಂದರ ಬಾಲದ ನಡುವೆ ಸಿಕ್ಕಿಕೊಂಡು ಬೇರೆಯದೇ ಸ್ಫಟಿಕ. ಆಗ ಒಂದರ ಮೇಲೊಂದು ಕೂತ ಸರಪಳಿಗಳ ನಡುವೆ ಸಂದು ಹೆಚ್ಚುತ್ತದೆ. ಮೆಣಸಿನಕಾಯಿ ಚೀಲಗಳನ್ನು ಪೇರಿಸಿದ ಥಪ್ಪಿ ಒತ್ತಾಗಿದ್ದರೆ ಹಮಾಲ ಅದರ ಮೇಲೆ ಸಲೀಸಾಗಿ ನಡೆಯುತ್ತಾನೆ, ಸಂದು ಬಿದ್ದರೆ ಹಾರಬೇಕು. ವಿದ್ಯುತ್ತಿನ ಪಾಡೂ ಅಷ್ಟೇ; ಮೊದಲೇ ಕಡಿಮೆ ಹರಿಯುವುದು ಇನ್ನು ತುಸು ಇಳಿದರೆ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಬಿಸಿ ಕೊಟ್ಟಿದ್ದರೆ ಸಿಕ್ಕು ಬಿಡಿಸಿಕೊಂಡು ಸರಪಳಿಗಳು ಮೊದಲ ಬಗೆಗೆ ಬರುತ್ತಿದ್ದವು. ಹಳೆಯ ಪುಡಿಗೆ ಬಿಸಿ ಬೇಕಿರಲಿಲ್ಲ, ಇದಕ್ಕೂ ಬೇಡವೆಂದುಕೊಂಡಿದ್ದಳು.

ಆ ಸಲದ ಪೆಟ್ಟಿಗೆ ಒಂದೇ ಹೊರಗೆ ಹೋಗಿತ್ತು. ಬ್ಯಾಡಗಿಯಲ್ಲಿ, ಅವಳ ಅಪ್ಪ ಅಂದಾನೆಪ್ಪ ಹಮಾಲಿ ಮಾಡುವ, ಅಮೋನಿಯಾ ಹರಿಸಿ ಮೆಣಸಿನಕಾಯಿ ತಂಪಿಡುವ ಕೋಲ್ಡ್ ಸ್ಟೋರೇಜಿನಲ್ಲಿ ಅವಳೇ ಅದನ್ನು ಕೂರಿಸಿ ಬಂದಿದ್ದಳು. ಪರೀಕ್ಷೆಗೆಂದು ಅಳೆದು ಬೆರೆಸಿದ ಗ್ಯಾಸು ತೀರಿದ್ದರಿಂದ ಅಮೋನಿಯಾ ಅದ್ದಿದ ಹತ್ತಿಯನ್ನು ಹತ್ತಿರ ಹಿಡಿದಿದ್ದಳು. ಪೆಟ್ಟಿಗೆ ಕೂಗಿತ್ತು. ಹೆಚ್ಚಿಗೆ ಕೂಗುವುದು ಕಡಿಮೆಗೂ ಕೂಗೀತು ಎಂದು ನಂಬಿದ್ದಳು.

ಮೂರನೇ ಸಲಕ್ಕೆ ಅಪ್ಪ ಫೋನ್ ಎತ್ತಿದ. ಎತ್ತಿದವನೇ ಕೆಮ್ಮಿದ.

"ಅಪ್ಪಾ, ಒಳಗ ಎಷ್ಟು ಮಂದಿ ಅದಾರ?"

"ನಾಕು ಮಂದಿ. ನಾ ಬಾಗಲಕ ಬಂದೇನಿ. ಯಾಕ, ತಾಯಿ?"

"ಎಲ್ಲಾರೂ ಕೆಮ್ಮಾಕತ್ತಾರೇನು?"

"ಬ್ಯಾಡಗ್ಯಾಗ ಕೆಮ್ಮಲಾರದಂವ ಹಮಾಲನ ಅಲ್ಲ," ಎಂದು ಅವನು ನಕ್ಕ. ಒಂದು ಚೀಲ ಒಡೆದಿದೆ, ಅದರ ಘಾಟು ಎಂದ. ಎಲ್ಲರನ್ನೂ ಈಗಲೇ ಹೊರಗೆ ಕರೆ ಎಂದಳು. ಅವನು ಒಪ್ಪಲಿಲ್ಲ.

"ನಿನ್ನ ಪೆಟಗಿ ಹಸರ ದೀಪ ಹಚಗೊಂಡು ಸುಮ್ಮನ ಕುಂತೈತಿ. ಅದು ಕೂಗದ ನಾವ್ಯಾಕ ಹೊರಗ ಬರೂಣು?"

ಮಗಳ ಮೇಲಿನ ಆ ನಂಬಿಕೆಯೇ ಅವನನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸಿತ್ತು.

"ಪೆಟಗಿ ನಂಬಬ್ಯಾಡ, ಅಪ್ಪಾ. ತಪ್ಪು ನಂದೈತಿ. ನಿನ್ನ ಕೆಮ್ಮು ನಂಬು."

ಆ ಕಡೆ ಅಪ್ಪ ಒಬ್ಬೊಬ್ಬರ ಹೆಸರು ಹಿಡಿದು ಕೂಗುವುದು ಕೇಳಿಸಿತು. ಮೂರು ಹೆಸರಿಗೆ ಓಗೊಡುವ ದನಿ ಬಂತು. ನಾಲ್ಕನೆಯವನು ದಿಲಾವರ, ಹಿಂದಿನ ಥಪ್ಪಿಯ ಮೇಲ್ತುದಿಯಲ್ಲಿದ್ದ. ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹೋಗಿ ಕೂರುತ್ತದೆ. ಅವನ ಹೆಸರನ್ನು ಅಪ್ಪ ನಾಲ್ಕು ಸಲ ಕರೆದ. ಫೋನು ಎಲ್ಲಿಯೋ ಬಿದ್ದ ಸದ್ದಾಯಿತು.

ಶ್ವೇತಾ ಮಧುವಿನ ಬೈಕಿನಲ್ಲಿ ಬ್ಯಾಡಗಿ ಮುಟ್ಟಿದಾಗ ಹನ್ನೆರಡೂವರೆ. ಅಪ್ಪ ಕಟ್ಟೆಯ ಮೇಲೆ ಒದ್ದೆ ಟವೆಲ್ಲು ಹಿಡಿದು ಕೂತಿದ್ದ, ಕಣ್ಣು ಕೆಂಡದಂತಿದ್ದವು. ಅದೇ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಮತ್ತೆ ಒಳಹೊಕ್ಕು ದಿಲಾವರನನ್ನು ಎಳೆದು ತಂದಿದ್ದ. ದಿಲಾವರನನ್ನು ಹಾವೇರಿಗೆ ಒಯ್ದಿದ್ದರು; ಉಸಿರಿತ್ತು, ಕಣ್ಣು ತೆರೆದಿರಲಿಲ್ಲ. ಅಪ್ಪ ಅವಳನ್ನು ಬೈಯಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಅಗ್ನಿಶಾಮಕದವರ ಮೀಟರು ಬಾಗಿಲಲ್ಲೇ ನೂರ ತೊಂಬತ್ತು ತೋರಿಸುತ್ತಿತ್ತು. ಒಳಗೋಡೆಯ ಮೇಲೆ ಅವಳ ಪೆಟ್ಟಿಗೆಯ ಹಸಿರು ದೀಪ ಇನ್ನೂ ಉರಿಯುತ್ತಲೇ ಇತ್ತು. ಅದರ ಕೆಳಗೆ ಅಪ್ಪ ಬಳಪದಲ್ಲಿ ಸೊಟ್ಟಗೆ ಬರೆದಿಟ್ಟ ಒಂದು ಅಂಕಿ. ಪೆಟ್ಟಿಗೆ ಕೂರಿಸಿದ ದಿನ, ಇದು ಎಷ್ಟಕ್ಕೆ ಕೂಗುತ್ತದೆ ಎಂದು ಕೇಳಿದವನು ದಿಲಾವರನೇ. ಹಮಾಲರೆಲ್ಲರ ಎದುರಿಗೆ, ಒಂದಿಷ್ಟೂ ತಡವರಿಸದೆ ಅವಳು ಹೇಳಿದ್ದಳು: "ಇಪ್ಪತ್ತೈದು."